ಗೋರಿಯಿಂದ ತಂದ ಗಂಟು

“ಮುಟ್ಟಬೇಡಿ ಉಸ್ತಾದರೇ, ನಿಮ್ಮ ದಮ್ಮಯ್ಯ. ಅದು ಅಲ್ಲೇ ಇರಲಿ.”

ಸಮೀಹಾ ಎಂಬ ಆ ಹೆಂಗಸು ಹೀಗೆ ಅನ್ನುವಷ್ಟರಲ್ಲಿ ಹಾಜಿಮ್ ಬಗ್ಗಿ ಗೋಡೆಯ ಬಿರುಕಿನೊಳಗೆ ಬೆರಳು ತೂರಿಸಿಯಾಗಿತ್ತು. ತಾಂತಾ ಊರಿನಿಂದ ಮೂರು ದಿನದ ಪ್ರವಾಸಕ್ಕೆ ಬಂದ ತಂಡಕ್ಕೆ ಅವನು ಗೈಡು. ಉಳಿದವರೆಲ್ಲ ಗೋರಿಯ ಬಣ್ಣದ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಂಡು, ಸೆಕೆ ತಡೆಯಲಾರದೆ ಮೇಲಕ್ಕೆ ಹೋಗಿದ್ದರು. ಇವಳೊಬ್ಬಳು ಹಿಂದೆ ಉಳಿದಿದ್ದಳು. ಹುಡುಕಿಕೊಂಡು ಇಳಿದು ಬಂದವನ ಟಾರ್ಚಿನ ಬೆಳಕಿಗೆ ಕಂಡದ್ದು, ಒಳಕೋಣೆಯ ಮೂಲೆಯಲ್ಲಿ ಮಂಡಿಯೂರಿ ಗೋಡೆಯೊಳಗೆ ಏನನ್ನೋ ತುರುಕುತ್ತಿದ್ದ ಅವಳ ಬೆನ್ನು.

ಎಳೆದಾಗ ಹೊರಬಂದದ್ದು ಕಡಲೆಕಾಳಿಗಿಂತ ಒಂದಿಷ್ಟು ದೊಡ್ಡದಾದ, ಕಪ್ಪು ಬಟ್ಟೆಯ ಗಂಟು. ಸುತ್ತ ಕೂದಲು ಬಿಗಿದಿತ್ತು. ಬಾವಲಿ ಹಿಕ್ಕೆಯ ಘಾಟು, ಹಳೆಯ ಧೂಳಿನ ವಾಸನೆ, ಅದರ ಜೊತೆಗೆ ಹುಳಿ ಹುಳಿಯಾದ ಇನ್ನೊಂದು ನಾತ ಮೂಗಿಗೆ ಬಡಿಯಿತು. ಹಾಜಿಮ್ ನಕ್ಕುಬಿಟ್ಟ.

“ಓಹೋ, ಮಾಟವೋ! ಅಲ್ಲಮ್ಮಾ, ಇಲ್ಲಿ ಮಲಗಿದ್ದವನು ಅರಸನ ಕಣಜದ ಗುಮಾಸ್ತ. ಸತ್ತು ಮೂರು ಸಾವಿರ ವರ್ಷ ಆಯ್ತು. ಪಾಪ, ಈಗಲಾದ್ರೂ ಅವನನ್ನ ನೆಮ್ಮದಿಯಾಗಿ ಇರೋಕೆ ಬಿಡಬಾರದಾ?”

ಸಮೀಹಾ ನಗಲಿಲ್ಲ. ಅವನ ಹತ್ತಿರ ಬಂದು ಮೂಗು ಅರಳಿಸಿದಳು. “ನಿಮ್ಮ ಅಂಗಿ ಹಾಲಿನ ವಾಸನೆ ಹೊಡೀತಿದೆ. ಮನೇಲಿ ಬಾಣಂತಿ ಇದಾಳಾ?”

“ಇದಾಳೆ. ಹೆಣ್ಣು ಕೂಸು. ಇನ್ನೂ ನಲವತ್ತು ದಿನ ತುಂಬಿಲ್ಲ.”

ಅವಳ ಮುಖ ಬಿಳಚಿಕೊಂಡಿತು. “ಹಾಗಾದ್ರೆ ಎಲ್ಲಿತ್ತೋ ಅಲ್ಲೇ ಇಡಿ. ಗೋರಿಯಿಂದ ಇದನ್ನ ಇಟ್ಕೊಂಡು ಬಾಣಂತಿ ಕೋಣೆ ಹೊಸ್ತಿಲು ದಾಟಿದ್ರೆ ಎದೆ ಬತ್ತುತ್ತೆ. ಎದೆ ಹಿಂದೇನೇ ಕೂಸೂ ಬತ್ತುತ್ತೆ. ನಾನು ಕಂಡಿದೀನಿ ಉಸ್ತಾದರೇ.”

“ಗೋರಿಯೊಳಗೆ ಕಸ ಬಿಡೋ ಹಾಗಿಲ್ಲ. ಮೇಲೆ ಹೋಗಿ ಬುಟ್ಟಿಗೆ ಎಸೀತೀನಿ, ಚಿಂತೆ ಬೇಡ,” ಎಂದು ಹಾಜಿಮ್ ಗಂಟನ್ನು ಅಂಗಿಯ ಜೇಬಿಗೆ ಇಳಿಬಿಟ್ಟ. ಮೇಲೆ ಬಂದರೆ ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ಬಸ್ಸಿನಲ್ಲಿ ಕಿಟಕಿಯ ಸೀಟು ಬೇಕು. ಆ ಗಲಾಟೆಯಲ್ಲಿ ಬುಟ್ಟಿಯೂ ಮರೆತುಹೋಯಿತು, ಗಂಟೂ ಮರೆತುಹೋಯಿತು.

ಹಾಜಿಮ್ ಕೈರೋದವನು. ಹಳೆಯ ಲಿಪಿ ಓದಬಲ್ಲ, ಮೂರು ಭಾಷೆಯಲ್ಲಿ ಜೋಕು ಹೇಳಬಲ್ಲ. ನವಾಲ್‌ಳನ್ನು ಮದುವೆಯಾಗಿ ಲಕ್ಸರ್‌ನಲ್ಲಿ ನೈಲ್ ನದಿಯ ಪಶ್ಚಿಮ ದಂಡೆಗೆ ಬಂದು ನೆಲೆಸಿ ಎರಡು ವರ್ಷವಾಗಿತ್ತು. ಹೆರಿಗೆಯಾದ ಮೇಲೆ ಮನೆಯೆಂಬುದು ಅತ್ತೆ ಉಮ್ ಬದವಿಯ ಸಂಸ್ಥಾನವಾಗಿಬಿಟ್ಟಿತ್ತು. ಹಸಿ ಮಾಂಸ ಹಿಡಿದವರು ಬಾಣಂತಿ ಕೋಣೆಗೆ ಬರಕೂಡದು. ಬದನೆಕಾಯಿ ತಂದವರು ಬರಕೂಡದು. ಆಗತಾನೇ ಗಡ್ಡ ಕೆರೆಸಿಕೊಂಡವರು ಬರಕೂಡದು. ಗೋರಿಯಿಂದ ಬಂದವರಂತೂ ಗೇಟಿನಾಚೆಯೇ ನಿಂತು ಕೂಗಬೇಕು. ತಾಯಿ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಬಂದು ಅವರನ್ನು ಎದುರುಗೊಳ್ಳಬೇಕು. ಆಮೇಲೆ ಒಟ್ಟಿಗೆ ಒಳಗೆ ಹೋಗಬಹುದು. ಗೋರಿ ತೋರಿಸಿಯೇ ಅನ್ನ ತಿನ್ನುವ ಅಳಿಯ ಹೀಗೆ ದಿನಾ ಸಂಜೆ ಮೇಕೆ ಮಾರುವವನ ಹಾಗೆ ಗೇಟಿನಲ್ಲಿ ಕೂಗುತ್ತಿದ್ದ. “ಫರೋಹನ ಮನೆಗೂ ಇಷ್ಟು ಕಾವಲಿಲ್ಲ ಅತ್ತೆ,” ಎಂದು ಕಾಲೆಳೆದರೂ ಕೂಗುವುದನ್ನು ಮಾತ್ರ ತಪ್ಪಿಸಿರಲಿಲ್ಲ.

ಅವತ್ತು ಕೂಗಲಿಲ್ಲ. ದಣಿದಿದ್ದ. ಉಮ್ ಬದವಿ ರೊಟ್ಟಿ ತರಲು ಹೋಗಿದ್ದಳು. ಒಳಗೆ ಕೂಸು ವರ್ದಾ ಅಳುತ್ತಿದ್ದಳು. ಅಪ್ಪನಾದವನು ಅಳು ಕೇಳಿ ಗೇಟಿನಲ್ಲಿ ನಿಂತಿರುವುದೇ? ಸೀದಾ ಕೋಣೆಗೆ ನುಗ್ಗಿ, ಮೆಂತ್ಯದ ಕಷಾಯ ಕುಡಿಯುತ್ತಿದ್ದ ಹೆಂಡತಿಯ ಪಕ್ಕ ಕುಳಿತು, ಕೂಸನ್ನು ಎದೆಗೆ ಅವಚಿಕೊಂಡ. ನವಾಲ್ ಕಣ್ಣರಳಿಸಿದಳು. “ಅಮ್ಮ ನೋಡಿದ್ರೆ ಕೊಂದೇಬಿಡ್ತಾಳೆ!”

“ಹೇಳಬೇಡ ಹಾಗಾದ್ರೆ,” ಎಂದ ಅವನು.

ಹೇಳುವ ಅಗತ್ಯವೇ ಬೀಳಲಿಲ್ಲ. ಕತ್ತಲಾಗುವ ಹೊತ್ತಿಗೆ ಕೋಣೆಯ ತುಂಬ ಬಾವಲಿ ಹಿಕ್ಕೆಯ ಘಾಟು ಹಬ್ಬಿತ್ತು. ವರ್ದಾ ಎದೆಗೆ ಬಾಯಿ ಹಾಕುವಳು, ಚೀಪುವಳು, ಬಿಟ್ಟು ಚೀರುವಳು. ಬೆಳಗ್ಗೆ ತುಂಬಿ ಸೋರುತ್ತಿದ್ದ ಎದೆಯಲ್ಲಿ ಒಂದು ಹನಿಯೂ ಇರಲಿಲ್ಲ. ಡಬ್ಬಿ ಹಾಲು ಕಲೆಸಿ ಬಾಟಲಿಯಲ್ಲಿ ಕೊಟ್ಟರೆ ಕೂಸು ಬೂದು ಬಣ್ಣದ ನೀರು ಕಾರಿತು. ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿದರು, ರಕ್ತ ನೋಡಿದರು, ಏನೂ ದೋಷವಿಲ್ಲ ಅಂದರು. ಡಾಕ್ಟರಮ್ಮ ಪಾಪ, ತಾನೇ ಚಮಚ ಹಿಡಿದು ಕುಡಿಸಲು ನೋಡಿದಳು. ಅದೂ ಬೂದು ನೀರಾಗಿಯೇ ಹೊರಬಂತು. ಮರುದಿನ ಸಂಜೆಗೆ ವರ್ದಾಳ ಅಳು ನಿಂತಿತು. ಅಳಲೂ ಶಕ್ತಿ ಇರಲಿಲ್ಲ.

ಉಮ್ ಬದವಿ ಅಳಿಯನ ಅಂಗಿ ತೆಗೆದು ಅಂಗಳದಲ್ಲಿ ಕೊಡವಿದಳು. ಗಂಟು ಕೆಳಗೆ ಬಿತ್ತು. ಕಡಲೆಕಾಳಿನಷ್ಟಿದ್ದದ್ದು ಈಗ ನಿಂಬೆಹಣ್ಣಿನಷ್ಟಾಗಿತ್ತು. ಒದ್ದೆಯಾಗಿತ್ತು. ಅದರಿಂದ ತೊಟ್ಟಿಕ್ಕಿ ಮಣ್ಣಿನ ಮೇಲೆ ಬಿದ್ದದ್ದು ಹಾಲು.

“ನಗು ಈಗ,” ಎಂದಳು ಅವಳು. “ನಗೋ ಮಗಾ. ಯಾಕೆ ಸುಮ್ಮನಾದೆ?”

ಹಾಜಿಮ್ ಅದನ್ನು ಕಾಲುವೆಗೆ ಎಸೆದು ಬಂದ. ಕೈ ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಅಲ್ಲೇ ಇತ್ತು, ಬೆಚ್ಚಗೆ.

ಮೂರನೆಯ ದಿನ ಬೆಳಗ್ಗೆ ತಂಡ ಊರಿಗೆ ಹೊರಟಿತ್ತು. ಹಾಜಿಮ್ ನದಿ ದಾಟಿ, ದೋಣಿಯಿಂದ ಜಿಗಿದು, ರೈಲು ನಿಲ್ದಾಣದವರೆಗೆ ಓಡಿ, ಬೋಗಿಯಿಂದ ಬೋಗಿಗೆ ಹುಡುಕಿ ಸಮೀಹಾಳ ಮುಂದೆ ನಿಂತ. ಅವನ ಜೇಬಿನ ಉಬ್ಬು ನೋಡಿಯೇ ಅವಳಿಗೆ ಎಲ್ಲ ತಿಳಿಯಿತು.

“ನಿಮಗೆ ಕೈ ಮುಗೀತೀನಿ. ಹೇಗಾದ್ರೂ ಬಿಡಿಸಿ. ಬಿಚ್ಚಿ ಎಸೀಲಾ?”

“ಬಿಚ್ಚೋಕೆ ಹೋದವಳು ನಮ್ಮಮ್ಮ. ಈಗಿಲ್ಲ.” ಅವಳು ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. “ಇದನ್ನ ನನ್ನ ದಿಂಬಿನೊಳಗೆ ಇಟ್ಟವಳು ನನ್ನ ಸವತಿ. ಮೂರು ಮಕ್ಕಳು ಹೋದವು. ಸತ್ತವರಿಗೆ ಹಾಲೂ ಇಲ್ಲ, ಹಸಿವೂ ಇಲ್ಲ, ಅವರ ಹತ್ರ ಬಿಟ್ರೆ ಯಾರಿಗೂ ಕೇಡಿಲ್ಲ ಅಂತ ಇಷ್ಟು ದೂರ ಬಂದೆ. ನೀವು ತೆಗೆದ್ರಿ.”

“ವಾಪಸ್ ಇಡ್ತೀನಿ! ಇವತ್ತೇ ಇಡ್ತೀನಿ!”

“ಇಟ್ಟು ನೋಡಿ. ಸತ್ತವರು ಒಂದು ಸಲ ಇಸ್ಕೋತಾರೆ. ಎರಡನೇ ಸಲ ನಾನು ಕಾಣೆ.” ರೈಲು ಕೂಗು ಹಾಕಿತು. ಅವಳ ದನಿ ತಗ್ಗಿತು. “ಇನ್ನೊಂದು ದಾರಿ ಇದೆ. ನಾನು ಹಿಡೀಲಿಲ್ಲ. ನೀವೂ ಹಿಡೀಬೇಡಿ.”

“ಏನದು?”

“ಬೇಡ ಉಸ್ತಾದರೇ.”

“ಅಲ್ಲಿ ನನ್ನ ಮಗಳು ಸಾಯ್ತಿದಾಳೆ!” ಎಂದು ಕಿರುಚಿದ. ಬೋಗಿಯವರೆಲ್ಲ ತಿರುಗಿ ನೋಡಿದರು.

ಸಮೀಹಾ ಅಳುತ್ತಲೇ ಹೇಳಿದಳು. “ಗೋರಿಯಿಂದ ಎದ್ದು ಸೀದಾ ಇನ್ನೊಬ್ಬ ಬಾಣಂತಿ ಕೋಣೆಗೆ ಹೋಗಬೇಕು. ಹೊಸ್ತಿಲು ದಾಟೋವರೆಗೆ ಯಾರ ಹತ್ರನೂ ಒಂದು ಮಾತಾಡಬಾರದು. ಆಡಿದ್ರೆ ನಿಮ್ಮ ಮನೇಲೇ ಉಳಿಯುತ್ತೆ. ಆಡದೆ ದಾಟಿದ್ರೆ ಇದು ಅವಳ ಎದೆಗೆ ಅಂಟುತ್ತೆ, ಆ ಎದೆಗೆ ಬಾಯಿಟ್ಟ ಕೂಸಿಗೂ ಅಂಟುತ್ತೆ.” ರೈಲು ಅಲುಗಿತು. “ಅವಳಿಗೂ ಕೂಸಿರುತ್ತೆ. ಅದನ್ನ ಮರೀಬೇಡಿ.”

ಇಳಿಬಿಸಿಲಿನಲ್ಲಿ ಹಾಜಿಮ್ ಗೋರಿಯಿದ್ದ ಗುಡ್ಡ ಹತ್ತಿದ. ಆ ಮಾತು ಮರೆತಿರಲಿಲ್ಲ. ಮರೆಯದೆಯೇ ಹತ್ತಿದ. ಆದರೂ ಮೊದಲು ಗೋರಿಗೆ ಒಪ್ಪಿಸಿ ನೋಡೋಣ, ಒಪ್ಪಿಕೊಂಡರೆ ಯಾರಿಗೂ ಕೇಡು ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಪರಿಚಯದ ಕಾವಲುಗಾರ ಅವನ ಮುಖ ನೋಡಿ ಏನನ್ನೂ ಕೇಳದೆ ಬಾಗಿಲು ತೆಗೆದ.

ಮೆಟ್ಟಿಲಿಳಿದು, ಒಳಕೋಣೆಯ ಮೂಲೆಗೆ ಹೋಗಿ, ಬಿರುಕಿನೊಳಗೆ ಗಂಟನ್ನು ಒತ್ತಿ ತುರುಕಿದ. ಹಣೆಯನ್ನು ಗೋಡೆಗೆ ಹಚ್ಚಿದ. “ತಪ್ಪಾಯ್ತು ತಂದೆ. ನಗಬಾರದಿತ್ತು. ಇಟ್ಕೋ. ದಯವಿಟ್ಟು ಇಟ್ಕೋ.” ಯಾರ ಬಗ್ಗೆ ಜೋಕು ಮಾಡಿ ತಂಡಗಳನ್ನು ನಗಿಸಿದ್ದನೋ ಅದೇ ಗುಮಾಸ್ತನ ಮುಂದೆ ಅವನು ಮೂಗು ಸೋರಿಸಿಕೊಂಡು ಅಳುತ್ತಿದ್ದ.

ಟಾರ್ಚು ಆರಿತು.

ಕತ್ತಲು. ಮಣ್ಣಿನ ಒಣ ವಾಸನೆ. ತನ್ನದೇ ಉಸಿರು. ಆಮೇಲೆ ಆ ಸದ್ದು. ಚಪ್, ಚಪ್, ಚಪ್. ಹಸಿದ ಕೂಸು ಮೊಲೆ ಚೀಪುವ ಸದ್ದು. ಮೊದಲು ಗೋಡೆಯೊಳಗಿಂದ. ಆಮೇಲೆ ಬೆನ್ನ ಹಿಂದಿನಿಂದ. ಹಾಜಿಮ್ ತಡವರಿಸಿದ. ಎಡವಿದ. ಮಂಡಿ ತರಚಿತು. ಸದ್ದು ಹತ್ತಿರವಾಯಿತು. ಇನ್ನೂ ಹತ್ತಿರ. ಅವನದೇ ಎದೆಯ ಮೇಲೆ. ಜೇಬು ಭಾರವಾಯಿತು. ಒದ್ದೆಯಾಯಿತು. ಜೇಬಿನೊಳಗೆ ಏನೋ ಚೀಪುತ್ತಿತ್ತು. ಚಪ್, ಚಪ್, ಚಪ್.

ಬೆಳಕಿಗೆ ಬಂದು ಬಿದ್ದಾಗ ಅಂಗಿಯ ಎದೆಯೆಲ್ಲ ಹಾಲು. ಗೋರಿ ಇಸಿದುಕೊಳ್ಳಲಿಲ್ಲ. ಕಾವಲುಗಾರ ಏನಾಯಿತೆಂದು ಕೇಳಿದ. ಹಾಜಿಮ್ ಹಲ್ಲು ಕಚ್ಚಿ, ತಲೆ ಅಲ್ಲಾಡಿಸಿ, ಗುಡ್ಡ ಇಳಿಯತೊಡಗಿದ. ಮನಸ್ಸು ಮಾಡಿಯಾಗಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅತ್ತೆಯ ನಂಬರು.

ಹೋಗಿಬಿಟ್ಟಳಾ ವರ್ದಾ? ಇಲ್ಲ, ಇಲ್ಲ. ಎತ್ತಿದರೆ ಮಾತಾಡಬೇಕು. ಮಾತಾಡಿದರೆ ಎಲ್ಲ ಮುಗಿಯಿತು. ಫೋನು ನಿಂತಿತು, ಮತ್ತೆ ಹೊಡೆದುಕೊಂಡಿತು. ಅವನು ಅದನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು ಓಡಿದ. ಯಾವ ಮನೆ? ಯಾರ ಮನೆ? ಯಾರಾದರೂ ಸರಿ, ತನಗೆ ಗುರುತಿಲ್ಲದವರಾದರೆ ಸಾಕು. ಮುಖ ನೋಡದೆ ಬಂದುಬಿಡುತ್ತೇನೆ. ಹೆಸರು ಕೇಳುವುದಿಲ್ಲ.

ಕಬ್ಬಿನ ಗದ್ದೆಯಾಚೆಯ ಕೇರಿಯಿಂದ ಠಣ್ ಠಣ್ ಎಂದು ಹಿತ್ತಾಳೆ ಕುಟ್ಟಾಣಿಯ ಸದ್ದು ಕೇಳಿಸಿತು. ಹುಟ್ಟಿದ ಏಳನೆಯ ದಿನ ಕೂಸಿನ ಕಿವಿಯ ಬಳಿ ಕುಟ್ಟಾಣಿ ಬಡಿಯುತ್ತಾರೆ, ಜರಡಿಯಲ್ಲಿಟ್ಟು ಆಡಿಸುತ್ತಾರೆ, ಕಣ್ಣು ತಾಗದಿರಲೆಂದು ಉಪ್ಪು ಎರಚುತ್ತಾರೆ. ವರ್ದಾಳಿಗೂ ಹಾಗೆಯೇ ಮಾಡಿದ್ದರು. ಹಾಜಿಮ್ ಕಬ್ಬಿನ ನಡುವೆ ನುಗ್ಗಿದ. ಗರಿಗಳು ಮುಖ ಕೊಯ್ದವು. ಫೋನು ಹೊಡೆದುಕೊಳ್ಳುತ್ತಲೇ ಇತ್ತು.

ನೀಲಿ ಬಾಗಿಲು. ಅಂಗಳದ ತುಂಬ ಹೆಂಗಸರು, ಹಾಡು, ಮೇಣದ ಬತ್ತಿ. ಹಾಡು ನಿಂತಿತು.

“ಯಾರಪ್ಪಾ ನೀನು? ಎಲ್ಲಿಂದ ಬಂದೆ?”

ಅವನು ಮಾತಾಡಲಿಲ್ಲ.

“ಮೈಯೆಲ್ಲ ಗೋರಿ ಮಣ್ಣು! ಅಯ್ಯೋ, ಹಿಡೀರಿ ಅವನನ್ನ! ನಿಲ್ಲೋ, ಒಳಗೆ ಬಾಣಂತಿ ಇದಾಳೆ! ನಿನ್ನ ಮಕ್ಕಳಾಣೆ ನಿಲ್ಲು!”

ಒಬ್ಬಳು ತೋಳು ಹಿಡಿದಳು. ಕೊಸರಿಕೊಂಡ. ಒಬ್ಬ ಮುದುಕಿ ಬಾಗಿಲಿಗೆ ಅಡ್ಡ ನಿಂತಳು. ತಳ್ಳಿದ. ಉಪ್ಪು ಚೆಲ್ಲಿತು. ಕಣ್ಣು ಮುಚ್ಚಿದ. ಹೊಸ್ತಿಲು ದಾಟಿದ.

ಎದೆಯ ಮೇಲಿನ ಭಾರ ತಟ್ಟನೆ ಇಳಿಯಿತು. ಜೇಬು ಮುಟ್ಟಿ ನೋಡಿಕೊಂಡ. ಖಾಲಿ. ಒಣಗಿತ್ತು. ಹೋಯಿತು, ಬದುಕಿದಳು ವರ್ದಾ, ಬದುಕಿದಳು ಎಂದುಕೊಂಡು ಕಣ್ಣು ತೆರೆದ.

ಮಂಚದ ಮೇಲೆ ಹದಿಹರೆಯ ದಾಟಿದ ಒಬ್ಬ ಹುಡುಗಿ ಕುಳಿತಿದ್ದಳು. ಅವಳ ಕೂಸು ಪಕ್ಕದಲ್ಲಿ ಜರಡಿಯೊಳಗೆ ಮಲಗಿತ್ತು. ಮಡಿಲಲ್ಲಿ ಇನ್ನೊಂದು ಕೂಸು ಮೊಲೆ ಕಚ್ಚಿಕೊಂಡಿತ್ತು. ಮಂಚದ ಕಾಲ ಬಳಿ ಕೈಯಲ್ಲಿ ಫೋನು ಹಿಡಿದು ಉಮ್ ಬದವಿ ಕುಳಿತಿದ್ದಳು. ಅಳಿಯನನ್ನು ಕಂಡು ಅವಳ ಮುಖ ಅರಳಿತು.

“ಬಂದ್ಯಾ ಮಗಾ! ಎಷ್ಟು ಸಲ ಫೋನ್ ಮಾಡಿದೆ, ಎತ್ತಬಾರದಾ? ಇವಳ ಹಾಲು ನಮ್ಮ ಕೂಸಿಗೆ ಒಗ್ಗಿಬಿಡ್ತು ಕಣೋ. ಒಂದು ಹನೀನೂ ಕಾರಲಿಲ್ಲ. ಇನ್ನೊಬ್ಬ ಬಾಣಂತಿ ಕೋಣೆಗೆ ನವಾಲ್ ಬರೋ ಹಾಗಿಲ್ಲವಲ್ಲ, ಅದಕ್ಕೇ ನಾನೇ ಎತ್ಕೊಂಡು ಬಂದೆ. ನೋಡು, ಕುಡೀತಾ ಇದಾಳೆ. ನಮ್ಮ ವರ್ದಾ ಕುಡೀತಾ ಇದಾಳೆ.”

ಆಗ ಅವಳ ಕಣ್ಣು ಅವನ ಮಂಡಿಯ ಮಣ್ಣಿಗೆ ಇಳಿದು, ಎದೆಯ ಮೇಲಿನ ಖಾಲಿ ಜೇಬಿಗೆ ಏರಿತು. ಫೋನು ಕೈಯಿಂದ ಜಾರಿತು. “ಎಲ್ಲಿಂದ ಬಂದೆ ನೀನು?” ಎಂದು ಪಿಸುಗುಟ್ಟಿದಳು.

ಈಗ ಅವನು ಮಾತಾಡಬಹುದಿತ್ತು. ಬದಲಿಗೆ ಖಾಲಿ ಜೇಬನ್ನು ಕೈಯಿಂದ ಮುಚ್ಚಿಕೊಂಡ.

ವರ್ದಾ ಎದೆಯಿಂದ ಬಾಯಿ ಬಿಟ್ಟಳು. ಮತ್ತೆ ಕಚ್ಚಿದಳು, ಚೀಪಿದಳು, ಬಿಟ್ಟಳು. ಜರಡಿಯಲ್ಲಿದ್ದ ಕೂಸು ಎಚ್ಚೆತ್ತು ಹಸಿವಿನಿಂದ ಅಳತೊಡಗಿತು. ಆ ಹುಡುಗಿ ಎರಡು ಕೂಸುಗಳನ್ನೂ ನೋಡಿ, ನಾಚಿಕೆಯಿಂದ ನಕ್ಕು, ಎದೆಯನ್ನು ಒತ್ತಿ ನೋಡಿಕೊಂಡಳು. ಇನ್ನೊಂದು ಎದೆಯನ್ನೂ ಒತ್ತಿದಳು.

“ಈಗತಾನೇ ಬರ್ತಿತ್ತಲ್ಲ ಅಜ್ಜಿ,” ಎಂದಳು.