ಹೊದಿಕೆ ಬೇಡದ ಅವರೆ

ಮೊದಲೇ ತಪ್ಪಾಯಿತು ಅಂದುಬಿಡುತ್ತೇನೆ. ಕತೆ ಹೇಳಿ ನನಗೆ ರೂಢಿಯಿಲ್ಲ. ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲ. ಹೊಂಬಾಳೆ ಎಂಬ ರಾಜ್ಯದಲ್ಲಿ ದೇವೀರಿ ಎಂಬವಳು ಅರಮನೆಯ ಕಾಯಿಪಲ್ಲೆ ತೋಟ ನೋಡಿಕೊಂಡಿದ್ದಳು. ಚಳಿಗಾಲ ಹೊಸ್ತಿಲಿಗೆ ಬಂದಾಗ ಚಳಿಮಲ್ಲನೆಂಬ ಮಾಂತ್ರಿಕ ಬಂದು, ಅವಳ ಗಂಡ ಕೆಂಚನನ್ನು ಬೆದರುಗೊಂಬೆ ಮಾಡಿ ತೋಟದಲ್ಲಿ ನಿಲ್ಲಿಸಿದ. ಬೆದರುಗೊಂಬೆ ಎಂದರೆ ಹಕ್ಕಿ ಓಡಿಸುವ ಹುಲ್ಲಿನ ಗೊಂಬೆ. ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳಿದೆ.

"ಮೂರು ಮುಂಜಾನೆ ಈ ತೋಟಕ್ಕೆ ಉಸಿರು ಊದುತ್ತೇನೆ," ಎಂದ ಮಾಂತ್ರಿಕ. "ನನ್ನ ಚಳಿಯಿಂದ ಒಂದೇ ಒಂದು ಗಿಡಕ್ಕೆ ಒಳ್ಳೆಯದಾದರೂ ಗಂಡ ನಿನ್ನವನು. ಇಲ್ಲದಿದ್ದರೆ ಅವನ ಪಕ್ಕ ನಿನಗೂ ಒಂದು ಕೋಲು ನೆಡುತ್ತೇನೆ."

ದೇವೀರಿಗೆ ತಲೆಬುಡ ತಿಳಿಯಲಿಲ್ಲ. ಚಳಿ ತಡೆಯುವುದು ಅವಳಿಗೆ ಗೊತ್ತು. ಚಳಿಯಿಂದ ಒಳ್ಳೆಯದು ಎಲ್ಲಿಂದ ಬರಬೇಕು?

ಮೊದಲ ಮುಂಜಾನೆ ಮೂಲಂಗಿಗೆ ಹುಲ್ಲು ಹೊದಿಸಿದಳು. ಉಸಿರು ಬಿತ್ತು, ಹುಲ್ಲಿನಡಿಯಲ್ಲೇ ಎಲೆ ಕಪ್ಪಾಯಿತು. ಎರಡನೆಯ ಮುಂಜಾನೆ ನವಿಲುಕೋಸಿಗೆ ಮಡಕೆ ಬೋರಲು ಹಾಕಿದಳು. ಉಸಿರು ಬಿತ್ತು; ಮಡಕೆ ಒಡೆದು ಕೋಸು ಕಲ್ಲಾಯಿತು. ಉಳಿದದ್ದು ಅವರೆ ಸಾಲೊಂದೇ.

ಮೂರನೆಯ ಮುಂಜಾನೆ ಅದಕ್ಕೆ ಕಂಬಳಿ ಹೊದಿಸಲು ಹೋದಳು. ಬೆದರುಗೊಂಬೆಯ ಹುಲ್ಲಿನ ಕೈ ಕಂಬಳಿಯ ಅಂಚು ಹಿಡಿಯಿತು. ಎಳೆದಳು, ಬಿಡಲಿಲ್ಲ. ಯಾಕೆ ಹೀಗೆ ಎಂದು ಗೊತ್ತಾಗದೆ ನಿಂತಾಗ ನೆನಪಾಯಿತು: ಕೆಂಚ ಪ್ರತಿ ವರ್ಷವೂ ಅವರೆಯನ್ನು ಬಯಲಿಗೇ ಬಿಡುತ್ತಿದ್ದ. ಕೇಳಿದರೆ ಅದು ಮಂಜು ಕುಡಿಯಲಿ ಅನ್ನುತ್ತಿದ್ದ. ಕಂಬಳಿ ಹೊರಲಾರದ ಸೋಮಾರಿಯ ನೆಪವೆಂದು ಅವಳು ಆಡಿಕೊಳ್ಳುತ್ತಿದ್ದಳು.

ದೇವೀರಿ ಕಂಬಳಿ ಬಿಟ್ಟಳು. ಉಸಿರು ಬಿತ್ತು. ಕಾಯಿ ಕಾಯಿಯ ಮೇಲೂ ಇಬ್ಬನಿ ನಿಂತಿತು, ಸಾಲಿಗೆ ಸಾಲೇ ಘಮ್ಮೆಂದಿತು. ಇದಕ್ಕೆ ಸೊಗಡು ಅನ್ನುತ್ತಾರೆ. ಮಂಜು ಬೀಳದ ಅವರೆಗೆ ಇದು ಇರುವುದಿಲ್ಲ.

ಮಾಂತ್ರಿಕನೇ ಗಲಿಬಿಲಿಗೊಂಡು ಮೂಗರಳಿಸಿದ. "ಇದೇನು?"

"ನಿನ್ನ ಚಳಿ," ಎಂದಳು ದೇವೀರಿ. "ಈ ಘಮ ನೀನೇ ಊದಿದ್ದು."

ಕೊಟ್ಟ ಮಾತೇ ಅವನನ್ನು ಕಟ್ಟಿತು. ಚಳಿಮಲ್ಲ ಕರಗಿ ನೀರಾಗಿ ಕಾಲುವೆಯಲ್ಲಿ ಹರಿದುಹೋದ. ಹುಲ್ಲು ಉದುರಿ ಕೆಂಚ ನಿಂತಿದ್ದ.

"ನಾನು ಸೋಮಾರಿಯೇನೇ?"

"ಸೋಮಾರಿಯೇ," ಎಂದು ದೇವೀರಿ ಕಣ್ಣೊರೆಸಿಕೊಂಡಳು. "ಬಾ, ಕಾಯಿ ಕೀಳು."

ಆಮೇಲೆ ರಾಜ್ಯವೆಲ್ಲ ಸುಖವಾಗಿತ್ತು. ಅವರೆಗೆ ಯಾರೂ ಕಂಬಳಿ ಹೊದಿಸಲಿಲ್ಲ. ಮೂಲಂಗಿಗಾದರೆ ಯಾಕೆ ಬೇಕು ಅನ್ನುತ್ತೀರಾ? ಅದನ್ನೂ ಬಿಡಿಸಿ ಹೇಳುತ್ತೇನೆ. ಮೂಲಂಗಿಯ ಎಲೆ ಇದೆಯಲ್ಲ, ಅದರ ಅಡಿಗೆ... ಬಂದೆ, ಬಂದೆ. ಅಡುಗೆಮನೆಯಿಂದ ಕರೆಯುತ್ತಿದ್ದಾರೆ. ನೆನೆಹಾಕಿದ ಅವರೆ ಹಿದುಕಬೇಕಂತೆ, ಸೋಮಾರಿ ಎಲ್ಲಿ ಅಂತ...