ಎರಡು ಬೆರಳಿನ ಗಂಟು

ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಮಗಳು ಬಾಗಿಲು ತಟ್ಟಿದಾಗ ಮೈದುನ ಒಂದೇ ಪುಟದ ಕರಡನ್ನು ಮೂರನೆಯ ಸಲ ತಿದ್ದುತ್ತಿದ್ದ. ಅವನು ತೆಗೆದ ತಪ್ಪುಗಳನ್ನೇ ಮುದ್ರಣಾಲಯದವರು ಜೋಪಾನವಾಗಿ ಮತ್ತೆ ಸೇರಿಸಿ ಕಳಿಸಿದ್ದರು. ಬಾಗಿಲು ತೆರೆಯಲು ಏಳುವಾಗ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ.

ಬಂದವಳು ಹುಡುಕಿಕೊಂಡು ಬಂದದ್ದು ಅವನ ಅತ್ತಿಗೆಯನ್ನು. ಅತ್ತಿಗೆ ಮೂವತ್ತು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಬಟ್ಟು, ಅಳತೆಗೋಲು ಪರೀಕ್ಷಿಸಿ ನಿವೃತ್ತರಾದವರು. ಕೂದಲೆಳೆಯಷ್ಟು ಮೋಸವಿದ್ದರೂ ಅವರ ಕಣ್ಣಿಗೆ ಬೀಳುತ್ತದೆಂದು ಜನ ಇನ್ನೂ ತಮ್ಮ ಗೋಜಲುಗಳನ್ನು ಅವರ ಮುಂದೆ ತಂದು ಸುರಿಯುತ್ತಿದ್ದರು.

"ಅಮ್ಮಾ, ಅಪ್ಪ ಇವತ್ತು ಶೆಡ್ ಮುಚ್ತಾರಂತೆ," ಎಂದಳು ಹುಡುಗಿ. ಅವಳ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ತಂದೆಯ ಶೆಡ್ಡಿನಲ್ಲಿ ಗಾಡಿಗಳ ಸೀಟು ಹೊಲಿಯುವುದು ಅವಳ ಕೆಲಸ. "ನಾಲ್ಕು ಗಂಟೆಗೆ ಗ್ರಂಥಾಲಯದ ಡ್ರೈವರ್ ಕಾಗದ ತರ್ತಾನೆ. ಫ್ಯಾನ್ ಹಾಕಿದ್ದು ನನ್ನದೇ ತಪ್ಪು ಅಂತ ಅಪ್ಪ ಸೈನ್ ಹಾಕ್ಬೇಕು. ಹಾಕ್ತೀನಿ ಅಂತ ಕೂತಿದ್ದಾರೆ. ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲವಂತೆ."

"ತಪ್ಪು ಅವರದಾ?"

"ಅಲ್ಲ ಅಂತ ನಂಗೊಬ್ಬಳಿಗೇ ಅನ್ಸತ್ತೆ. ಅದಕ್ಕೇ ಬಂದೆ."

ವಿಷಯ ಇಷ್ಟು. ಗ್ರಂಥಾಲಯದ ಪುಸ್ತಕದ ಗಾಡಿಗೆ ಎಂಜಿನ್ ತಣಿಸುವ ಹಳೆಯ ಕಾಲದ ಫ್ಯಾನ್ ಇತ್ತು. ಎಂಜಿನ್ನಿಗೇ ಬೆಲ್ಟಿನಿಂದ ಕಟ್ಟಿದ್ದರಿಂದ ಬೇಕಿರಲಿ ಬೇಡದಿರಲಿ ತಿರುಗುತ್ತಿತ್ತು, ಅರಚುತ್ತಿತ್ತು, ಏರಿನಲ್ಲಿ ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತಿತ್ತು. ಅದನ್ನು ತೆಗೆದು, ರೇಡಿಯೇಟರಿನ ನೀರು ಕಾದಾಗ ಮಾತ್ರ ತಿರುಗುವ ಎಲೆಕ್ಟ್ರಿಕ್ ಫ್ಯಾನ್ ಹಾಕಲು ಮೇಸ್ತ್ರಿ ಒಪ್ಪಿಕೊಂಡಿದ್ದ. ಮಂಗಳವಾರ ಹಾಕಿದ, ಆಗ ಸರಿಯಿತ್ತಂತೆ. ಬುಧವಾರ ಏರಿನಲ್ಲಿ ನೀರು ಕುದಿಯಿತು. ಶೆಡ್ಡಿಗೆ ತಂದು ಓಡಿಸಿದರೆ ಏನೂ ಇಲ್ಲ. ಗುರುವಾರ ಮತ್ತೆ ಕುದಿಯಿತು. ಶನಿವಾರ ಮೂರನೆಯ ಸಲ ಕುದಿದಾಗ ಡ್ರೈವರ್ ಮುಚ್ಚಳ ತೆಗೆಯಲು ಹೋಗಿ ಮಣಿಕಟ್ಟು ಸುಟ್ಟುಕೊಂಡ.

"ಮಂಗಳವಾರ ಸರಿಯಿತ್ತು ಅಂತ ಹೇಗೆ ಹೇಳ್ತೀಯ?" ಅತ್ತಿಗೆ ಕೇಳಿದರು.

"ನಾನೇ ನೋಡಿದೀನಿ. ಅಪ್ಪ ಮುಂದಿನ ಜಾಲರಿಗೆ ಒಂದು ಕಾಗದ ಹಿಡಿದ್ರು. ಹಲ್ಲಿ ತರ ಅಂಟಿಕೊಳ್ತು. ಆಮೇಲೆ ಅಪ್ಪ ಊಟಕ್ಕೆ ಮನೆಗೆ ಹೋದ್ರು. ಶೆಡ್ಡಲ್ಲಿ ನಾನು, ಕಡ್ಡಿ ಮಾಮ, ಡ್ರೈವರ್ ಮೂರೇ ಜನ."

ಅತ್ತಿಗೆ ತಮ್ಮ ಉಕ್ಕಿನ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡರು. ಇನ್ನು ತನ್ನ ಕರಡು ಇವತ್ತಿಗೆ ಮುಗಿದಂತೆಯೇ ಎಂದು ಮೈದುನನಿಗೆ ಗೊತ್ತಾಯಿತು.

ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲಿ ಹಳೆಯ ಟೈರಿನ ಮೇಲೆ ಕೂತಿದ್ದ. "ಬನ್ನಿ ತಾಯಿ. ಹಾಲು ಉಕ್ಕಿ ಹೋದ ಮೇಲೆ ಒಲೆ ನೋಡೋಕೆ ಬಂದಿರಾ?"

"ಒಲೆ ಬಿಸಿ ಇದೆಯಲ್ಲ. ತೋರಿಸಿ."

ಅವನು ಎದ್ದು ಗಾಡಿಯ ಮೂತಿಯೊಳಗೆ ಕೈ ಚಾಚಿದ. ಮುಖ ಬಾಗಿಲ ಕಡೆಗೇ ಇತ್ತು. ಕೈ ಮಾತ್ರ ತಾನಾಗಿ ದಾರಿ ಹುಡುಕಿಕೊಂಡು ಹೋಗಿ ಫ್ಯಾನಿನ ಎರಡು ವೈರುಗಳನ್ನು ಹಿಡಿಯಿತು. ಎರಡೂ ಕಪ್ಪು. "ಈ ಶೆಡ್ಡಲ್ಲಿ ಒಂದೇ ಸುರುಳಿ ವೈರು. ಬಣ್ಣ ಗಿಣ್ಣ ಇಲ್ಲ. ಪ್ಲಸ್ ವೈರಿಗೆ ಒಂದು ಗಂಟು, ಜೋಡಣೆಯಿಂದ ಎರಡು ಬೆರಳು ದೂರಕ್ಕೆ. ಬ್ಯಾಟರಿ ಕಡೆ ಗಂಟು, ಫ್ಯಾನ್ ಕಡೆ ಗಂಟು. ಗಂಟಿಗೆ ಗಂಟು ಸೇರಿದ್ರೆ ಸರಿ. ನನ್ನ ಗುರು ಹೇಳಿಕೊಟ್ಟದ್ದು. ನೋಡಿ, ಸೇರಿದೆ. ಫ್ಯಾನೂ ತಿರುಗತ್ತೆ. ಇನ್ನೇನು ಪರೀಕ್ಷೆ ಮಾಡ್ಲಿ?"

"ಮಾಡ್ಬೇಡಿ," ಎಂದ ಮೂಲೆಯಲ್ಲಿದ್ದ ಕಡ್ಡಿ. ಮೂವತ್ತು ವರ್ಷದಿಂದ ಮೇಸ್ತ್ರಿಯ ಬಲಗೈ. ಹೆಸರಿಗೆ ತಕ್ಕಂತೆ ಮೈಯೂ ಬೆರಳೂ ಸಣಕಲು. "ಮೇಸ್ತ್ರಿ ಮುಟ್ಟಿದ್ದು ತಪ್ಪಾಗತ್ತಾ? ಅವರ ಕೈಗೇ ಕಣ್ಣಿದೆ ಅಂತ ಊರೆಲ್ಲ ಹೇಳತ್ತೆ."

ಆಗಲೇ ಬಂದು ಗಾಡಿಯಲ್ಲಿ ಕೂತಿದ್ದ ಡ್ರೈವರ್ ಬ್ಯಾಂಡೇಜಿನ ಕೈ ಎತ್ತಿದ. "ಹಳೇ ಫ್ಯಾನೇ ಇರ್ಲಿ ಅಂತ ನಾನು ಬಡ್ಕೊಂಡೆ. ಅದು ನಮ್ಮ ಮಾವನ ತರ. ಬಾಯಿ ಜೋರು, ಆದ್ರೆ ಒಂದು ದಿನ ಕೈ ಕೊಟ್ಟಿಲ್ಲ."

ಅತ್ತಿಗೆ ಯಾರಿಗೂ ಉತ್ತರ ಕೊಡದೆ ಮೈದುನನನ್ನು ಗಾಡಿಯೊಳಗೆ ಇಣುಕಲು ಹಚ್ಚಿದರು. ರೇಡಿಯೇಟರಿನ ಎಂಜಿನ್ ಕಡೆಯ ಮುಖಕ್ಕೆ ಸೀಟಿನ ಹತ್ತಿ ಎಳೆಎಳೆಯಾಗಿ ಮೆತ್ತಿಕೊಂಡಿತ್ತು. ಮುಂದಿನ ಮುಖ ತೊಳೆದ ತಟ್ಟೆಯಂತಿತ್ತು. ಗಂಟಿಲ್ಲದ ವೈರಿನ ಫ್ಯಾನ್ ಕಡೆಯ ತುಂಡು ಒಂದು ಕಡೆ ಸುರುಳಿಯಾಗಿ ಸೊಟ್ಟಗಾಗಿತ್ತು. ಕಂಡದ್ದನ್ನೆಲ್ಲ ಅವನು ಹೇಳಿದ. ಅತ್ತಿಗೆ ತಲೆಯಾಡಿಸಿ, ಸ್ಕೇಲ್ ಕೊಟ್ಟು, ಅಂಗಳದಲ್ಲಿ ನಿಂತಿದ್ದ ಬೇರೆ ಗಾಡಿಗಳಲ್ಲೂ ಗಂಟು ಜೋಡಣೆಯಿಂದ ಎಷ್ಟು ದೂರವಿದೆ ಎಂದು ಅಳೆದು ಬರಲು ಅಟ್ಟಿದರು.

"ಯಾಕೆ?"

"ಅಳೆದ ಮೇಲೆ ಕೇಳು."

ಅವನು ಬಿಸಿಲಲ್ಲಿ ಆರು ಗಾಡಿಗಳ ಹೊಟ್ಟೆಯೊಳಗೆ ತಲೆ ಹಾಕಿದ. ಹೊಸ ಅಂಗಿಯ ತೋಳು ಗ್ರೀಸಾಯಿತು. ನಾಲ್ಕರಲ್ಲಿ ನಲವತ್ತು ಮಿಲಿಮೀಟರ್. ಎರಡರಲ್ಲಿ ಮೂವತ್ತೆರಡು. ತಾನೇ ತಪ್ಪಿದೆನೆಂದು ಮತ್ತೆ ಅಳೆದ, ಅದೇ ಬಂತು. ಆ ಎರಡರಲ್ಲೂ ಪಕ್ಕದ ವೈರು ಸುರುಳಿಯಾಗಿ ಸೊಟ್ಟಗಿತ್ತು. ಪುಸ್ತಕದ ಗಾಡಿಯಲ್ಲಿ ಬ್ಯಾಟರಿ ಕಡೆಯ ಗಂಟು ನಲವತ್ತು, ಫ್ಯಾನ್ ಕಡೆಯದು ಮೂವತ್ತೆರಡು. ಅಂಕಿಗಳ ಚೀಟಿಯನ್ನು ಅತ್ತಿಗೆಯ ಕೈಗೆ ಕೊಟ್ಟಾಗ ಅವರು ಓದಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಇಂಥವರ ಜೊತೆ ಹನ್ನೊಂದು ವರ್ಷ ಬಾಳಿದ ಅಣ್ಣನ ಬಗ್ಗೆ ಮೈದುನನಿಗೆ ಗೌರವ ಹೆಚ್ಚಿತು.

ನಾಲ್ಕು ಗಂಟೆಗೆ ಡ್ರೈವರ್ ಕಚೇರಿಯ ಕಾಗದ ತೆಗೆದ. ಮೇಸ್ತ್ರಿ ಪೆನ್ನಿಗೆ ಕೈ ಚಾಚಿದ. ಅತ್ತಿಗೆ ನಡುವೆ ಬಂದು ಕಾಗದವನ್ನು ತಾವೇ ತೆಗೆದುಕೊಂಡರು.

"ಮೊದಲು ಒಂದು ಚಿಕ್ಕ ಕೆಲಸ. ನಾಲ್ಕೂ ಜನ ಒಂದೊಂದು ತುಂಡು ವೈರು ತಗೊಳ್ಳಿ. ತುದಿಯಿಂದ ಎರಡು ಬೆರಳು ದೂರಕ್ಕೆ ಗಂಟು ಹಾಕಿ ಕೊಡಿ."

ಡ್ರೈವರ್ ತುದಿಯಲ್ಲೇ ಒಂದು ಮುದ್ದೆ ಮಾಡಿದ. ಮಗಳು ಅಭ್ಯಾಸಬಲದಿಂದ ಕೊರಳಿನ ಟೇಪು ಎಳೆದಳು. ಮೇಸ್ತ್ರಿಯೂ ಕಡ್ಡಿಯೂ ವೈರಿನ ಮೇಲೆ ಬೆರಳಿಟ್ಟು ಗಂಟು ಬಿಗಿದರು. ಬಿಗಿದ ಮೇಲೆ ಕಡ್ಡಿಯ ಕೈ ನಿಂತುಬಿಟ್ಟಿತು.

ಅತ್ತಿಗೆ ಅಳೆದರು. "ಮೇಸ್ತ್ರಿ, ನಲವತ್ತು. ಕಡ್ಡಿ, ಮೂವತ್ತೆರಡು."

ಆಮೇಲೆ ಎಂಜಿನ್ ಶುರು ಮಾಡಿಸಿ, ಫ್ಯಾನ್ ತಿರುಗುವವರೆಗೆ ಕಾದು, ಕಚೇರಿಯ ಕಾಗದವನ್ನು ಮುಂದಿನ ಜಾಲರಿಗೆ ಹಿಡಿದು ಬಿಟ್ಟರು. ಅದು ಹಾರಿ ಡ್ರೈವರಿನ ಎದೆಗೆ ಬಡಿಯಿತು.

"ಈ ಫ್ಯಾನು ಗಾಳಿಯನ್ನ ಒಳಗೆ ಎಳೀಬೇಕು. ಇದು ಹೊರಗೆ ಊದ್ತಿದೆ. ವೈರು ಅದಲುಬದಲಾದ್ರೆ ಉಲ್ಟಾ ತಿರುಗತ್ತೆ. ನಿಂತ ಗಾಡೀಲಿ ಹೇಗೋ ನಡೆಯತ್ತೆ, ಆ ಕಡೆಯೋ ಈ ಕಡೆಯೋ ಗಾಳಿ ಆಡಿದ್ರಾಯ್ತು. ರಸ್ತೇಲಿ ಎದುರಿನ ಗಾಳಿ ಒಳಗೆ ನುಗ್ಗತ್ತೆ, ಫ್ಯಾನು ಹೊರಗೆ ತಳ್ಳತ್ತೆ. ಬಾಗಿಲಲ್ಲಿ ಇಬ್ಬರು ಡಿಕ್ಕಿ ಹೊಡೆದ ಹಾಗೆ. ಒಬ್ಬರೂ ದಾಟಲ್ಲ, ನೀರು ಕುದಿಯತ್ತೆ. ಶೆಡ್ಡಿನ ಹತ್ತಿ ರೇಡಿಯೇಟರಿನ ಹಿಂದೆ ಮೆತ್ತಿಕೊಂಡಿದ್ದು ಅದಕ್ಕೇ."

"ಗಂಟಿಗೆ ಗಂಟು ಸೇರಿತ್ತಲ್ಲ ತಾಯಿ," ಎಂದ ಮೇಸ್ತ್ರಿ.

"ಸೇರಿಸಿದ್ರು. ಫ್ಯಾನ್ ಕಡೆ ನೀವು ಹಾಕಿದ್ದ ಗಂಟು ಬಿಚ್ಚಿ ಇನ್ನೊಂದು ವೈರಿಗೆ ಹಾಕಿದ್ರು. ಬಿಚ್ಚಿದ ವೈರು ಸೊಟ್ಟಗೇ ಉಳೀತು. ಫ್ಯಾನ್ ಯಾವ ಕಡೆ ತಿರುಗತ್ತೆ ಅಂತ ಕಣ್ಣಾರೆ ನೋಡೋರಿಗೆ ಗಂಟು ಬೇಕಿಲ್ಲ, ಮೋಸ ತಕ್ಷಣ ಸಿಕ್ಕಿಬೀಳತ್ತೆ. ಅಂದ್ರೆ ಮೋಸ ಮಾಡಬೇಕಿದ್ದದ್ದು ಕಣ್ಣಿಗಲ್ಲ, ಬೆರಳಿಗೆ. ನೀವು ಮುಟ್ಟಿ ಮಾತ್ರ ನೋಡ್ತೀರಿ ಅಂತ ಗೊತ್ತಿದ್ದೋರು ಇವರು, ಈ ಕಡ್ಡಿ."

ಮಗಳು ತಂದೆಯ ಕಣ್ಣುಗಳನ್ನು ಮೊದಲ ಸಲ ಎಂಬಂತೆ ನೋಡಿದಳು.

"ಇನ್ನೊಂದು ಮಾತಿದೆ," ಅತ್ತಿಗೆ ಚೀಟಿ ತೆಗೆದರು. "ಅಂಗಳದ ಆರರಲ್ಲಿ ಎರಡು ಗಾಡೀಲಿ ಮೂವತ್ತೆರಡರ ಗಂಟಿದೆ. ಅಲ್ಲಿ ಜೋಡಣೆ ಸರಿಯಾಗಿದೆ. ಅಲ್ಲಿ ತಪ್ಪಾಗಿದ್ದ ಗಂಟನ್ನ ಬಿಚ್ಚಿ ಸರಿ ಮಾಡಿದ ಕೈ ಇದೇ."

"ಎರಡು ಗಾಡಿ ಅಲ್ಲ," ಎಂದ ಕಡ್ಡಿ. ಅವನು ಮೇಸ್ತ್ರಿಯನ್ನೇ ನೋಡಿದ. "ಎರಡು ವರ್ಷ. ನಿಮಗೆ ಕಾಣಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಂದು ಮಾತು ಹೇಳಿದ್ರಾ? ನಾನು ತಿದ್ದೋದು, ಜನ ನಿಮ್ಮ ಕೈ ಹೊಗಳೋದು, ನೀವು ನಗೋದು. ಒಂದೇ ಒಂದು ಸಲ ಕೆಲಸ ಕೆಟ್ಟರೆ 'ಕಡ್ಡಿ, ಬಂದು ನೋಡು' ಅಂತೀರಿ ಅಂದ್ಕೊಂಡೆ. ಮೂರು ಸಲ ಕುದೀತು. ಕರೀಲಿಲ್ಲ. ಕಾಣಲ್ಲ ಅನ್ನೋದಕ್ಕಿಂತ ಶೆಡ್ ಮುಚ್ಚೋದೇ ನಿಮಗೆ ಸುಲಭ ಆಯ್ತು."

"ನನ್ನ ಕೈ ಏನಪ್ಪಾ ಪಾಪ ಮಾಡಿತ್ತು?" ಡ್ರೈವರ್ ಬ್ಯಾಂಡೇಜನ್ನು ಮುಂದೆ ಹಿಡಿದ.

ಕಡ್ಡಿ ಆ ಬ್ಯಾಂಡೇಜನ್ನೇ ನೋಡುತ್ತ ನಿಂತ. ಹೆಸರಿಲ್ಲದೆ ಬೇರೆಯವರ ತಪ್ಪು ತಿದ್ದುವ ಸಿಟ್ಟು ಹೇಗೆ ಹುಳಿಯುತ್ತದೆಂದು ಮೈದುನನಿಗೆ ಗೊತ್ತಿತ್ತು. ಬೆಳಗ್ಗೆ ಒಂದು ತಪ್ಪನ್ನು ಬೇಕೆಂದೇ ಬಿಟ್ಟು ಕಳಿಸಲು ಅವನ ಮನಸ್ಸೂ ಜಾರಿತ್ತು. ಆದರೆ ಅವನ ಪುಟದಿಂದ ಯಾರ ಕೈಯೂ ಸುಡುವುದಿಲ್ಲ.

ಮೇಸ್ತ್ರಿ ಪೆನ್ನನ್ನು ಜೇಬಿಗೆ ಹಾಕಿಕೊಂಡ. "ಕಡ್ಡಿ, ಮೊದಲು ಡ್ರೈವರ್ ಹತ್ರ ತಪ್ಪಾಯ್ತು ಅನ್ನು. ವಾಸಿಯಾಗೋವರೆಗೆ ಅವನ ಗಾಡಿ ನೀನೇ ಓಡಿಸ್ಬೇಕು, ಪುಸ್ತಕದ ಪೆಟ್ಟಿಗೆ ನೀನೇ ಹೊರಬೇಕು. ಈಗ ಬಂದು ವೈರು ತಿರುಗಿಸು."

ಕಡ್ಡಿ ಡ್ರೈವರಿಗೆ ಕೈ ಮುಗಿದು ತಪ್ಪಾಯ್ತು ಎಂದ. ವೈರು ಬದಲಿಸಿ, ಗಂಟು ಬಿಚ್ಚಿ, ಮತ್ತೆ ಹಾಕುವಾಗ ತಡೆದು ನಿಂತ. "ಎಷ್ಟಕ್ಕೆ ಹಾಕ್ಲಿ?"

"ನಿನ್ನ ಬೆರಳಿಗೆ. ನಾನು ರೂಢಿ ಮಾಡ್ಕೋತೀನಿ."

ಎಂಜಿನ್ ಮತ್ತೆ ಕಾಯಿತು, ಫ್ಯಾನ್ ತಿರುಗಿತು. ಅತ್ತಿಗೆ ಸಹಿಯಿಲ್ಲದ ಕಾಗದವನ್ನು ಮೇಸ್ತ್ರಿಯ ಕೈಗೆ ಕೊಟ್ಟರು. ಅವನು ಜಾಲರಿಯನ್ನು ತಡವಿ, ಕಾಗದ ಹಿಡಿದು, ಕೈ ಬಿಟ್ಟ. ಡ್ರೈವರ್ ಬಾಯಿ ತೆರೆದ. ಅತ್ತಿಗೆ ಕಣ್ಣಲ್ಲೇ ಗದರಿ ಸುಮ್ಮನಾಗಿಸಿದರು.

ಮೇಸ್ತ್ರಿ ಕಡ್ಡಿಯ ಕಡೆ ತಿರುಗಿದ.

"ಕಡ್ಡಿ, ನಂಗೆ ಕಾಣ್ತಿಲ್ಲ. ಅಂಟಿತಾ?"

"ಅಂಟಿದೆ," ಎಂದ ಕಡ್ಡಿ.