ನೂರಾ ಹದಿನೇಳನೇ ಕಾರ್ಡು

"ಈ ಕಾರ್ಡಿನವರು ತೀರ್ಕೊಂಡು ನಾಲ್ಕು ವರ್ಷ ಆಯ್ತು ಅಂತ ಇಲ್ಲಿ ಬರ್ದೈತೆ. ಹಂಗಾದ್ರೆ ನೀವ್ಯಾರ್ರೀ?"

ಕೇಳಿದವಳು ಸುಮನಾ. ಅವಳ ಬೆರಳು ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಒಂದು ಸಾಲಿನ ಮೇಲಿತ್ತು.

ಮೇಜಿನಾಚೆ ನಿಂತಿದ್ದ ಯುವಕನ ಮುಖ ಬಿಳಿಚಿಕೊಂಡಿತು. ಅವನ ಹಿಂದೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು.

"ನಮ್ಮಣ್ಣಂದು ಕಣ್ರೀ," ಎಂದ ಅವನು ಮೆಲ್ಲಗೆ. "ಶ್ರೀನಾಥ್ ಅಂತ. ನಾನು ರುದ್ರೇಶ, ಅವನ ತಮ್ಮ."

ಬೆಳಗೋಡಿನ ಆ ಒಂದೇ ಕೋಣೆಯ ಗ್ರಂಥಾಲಯದಲ್ಲಿ ಸುಮನಾ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಭಾನುವಾರ ಮೇಜಿನ ಮುಂದೆ ಕೂರುವವರು ಹಿರಿಯರಾದ ನಂಜುಂಡಯ್ಯನವರೇ. ಆವತ್ತು ಅವರು ನೆಂಟರ ಮದುವೆಗೆ ಹೋಗಿದ್ದರಿಂದ ಇವಳು ಕೂತಿದ್ದಳು. ಸದಸ್ಯರ ರಿಜಿಸ್ಟರ್ ಇಡುವ ಪೆಟ್ಟಿಗೆಯ ಬೀಗದ ಕೈಯೂ ಅಂದೇ ಮೊದಲ ಸಲ ಇವಳ ಕೈಗೆ ಬಂದಿತ್ತು. ಕಾರ್ಡಿನ ಮೇಲೆ ೧೧೭ ಎಂಬ ಅಂಕಿ ಕಂಡದ್ದೇ ತಡ, ಅವಳ ಎದೆ ಹೊಡೆದುಕೊಂಡಿತ್ತು. ಹೆಸರು, ಊರು ತಿಳಿಯುವ ಆಸೆಯಿಂದಲೇ ರಿಜಿಸ್ಟರ್ ತೆರೆದಿದ್ದಳು.

ಯಾಕೆ ಅಂತೀರಾ? ಹೇಳುತ್ತೇನೆ, ಕೇಳಿ.

ಆ ಗ್ರಂಥಾಲಯದಲ್ಲಿ ಒಂದು ರೂಢಿ ಇತ್ತು. ಪುಸ್ತಕದ ಮೇಲೆ ಯಾರಾದರೂ ಒಂದು ಗೆರೆ ಎಳೆದರೂ ನಂಜುಂಡಯ್ಯ ಸುಮ್ಮನೆ ಬಿಡುವ ಆಸಾಮಿಯಲ್ಲ. ಆದರೆ ದೆವ್ವದ ಕತೆಗಳಿಗೆ ಮಾತ್ರ ಅವರೇ ಹಿಂದಿನ ರಟ್ಟಿಗೆ ಒಂದು ಬಿಳಿ ಹಾಳೆ ಅಂಟಿಸುತ್ತಿದ್ದರು. ಓದಿದವರು ಮುಂದೆ ಓದುವವರಿಗೆ ಅಲ್ಲಿ ಒಂದು ಮಾತು ಬರೆಯಬೇಕು. ಹೆಸರು ಬೇಡ, ಕಾರ್ಡಿನ ನಂಬರ್ ಸಾಕು. ದೆವ್ವದ ಕತೆ ಓದುವುದು ಗೊತ್ತಾದರೆ ಮರ್ಯಾದೆ ಹೋದೀತು ಎಂದು ಅಂಜುವ ಮೇಷ್ಟ್ರುಗಳೂ ಊರಿನಲ್ಲಿದ್ದರು ನೋಡಿ.

"೪೨: ಮೊದಲರ್ಧ ಬೇಜಾರು. ಆಮೇಲೆ ಚಳಿ ಹಿಡಿಸುತ್ತದೆ." "೮೮: ಬಸುರಿಯರು ಓದಬೇಡಿ." ಹೀಗೆ ಒಬ್ಬೊಬ್ಬರದು ಒಂದೊಂದು ಶಿಫಾರಸು.

ಇವರೆಲ್ಲರ ನಡುವೆ ೧೧೭ರ ಮಾತೇ ಬೇರೆ. 'ಎಂಟನೇ ಮೈಲಿಯ ಹೆಂಗಸು' ಎಂಬ ಪುಸ್ತಕದ ಹಿಂದೆ, "ಅರವತ್ತೆರಡನೇ ಪುಟ ಓದಿದ ಮೇಲೆ ಬಾವಿಗೆ ಹೋಗಬೇಡಿ, ನಿಮಗೆ ಆಗದವರನ್ನು ಕಳಿಸಿ" ಎಂದಿತ್ತು. ಅದನ್ನು ಓದಿ ಸುಮನಾ ಒಬ್ಬಳೇ ನಕ್ಕಿದ್ದಳು. 'ಕದ ತಟ್ಟಿದವರು' ಎಂಬ ಇನ್ನೊಂದು ಪುಸ್ತಕದ ಹಿಂದೆ ಮಾತ್ರ ಅದೇ ೧೧೭ ಹೀಗೆ ಬರೆದಿತ್ತು:

"ಕೊನೆಯಲ್ಲಿ ಬರುವ ದೆವ್ವಕ್ಕೆ ಹೆದರಿ ಬಾಗಿಲು ಹಾಕಬೇಡಿ. ಪಾಪ, ಅದೂ ಯಾರದೋ ಮನೆಯ ಜೀವ."

ಅಮ್ಮನನ್ನು ಕಳೆದುಕೊಂಡು ವರ್ಷವೂ ಆಗಿರದ ಸುಮನಾ ಆ ಸಾಲು ಓದಿ, ಪುಸ್ತಕವನ್ನು ಎದೆಗೊತ್ತಿಕೊಂಡು ಅತ್ತಿದ್ದಳು. ಅಂದಿನಿಂದ ೧೧೭ ಓದಿ ಎಂದದ್ದನ್ನೆಲ್ಲ ಓದಿದಳು, ಬೇಡ ಎಂದದ್ದನ್ನು ಮುಟ್ಟಲಿಲ್ಲ. ಮುಖ ಕಾಣದ, ಹೆಸರು ತಿಳಿಯದ ಆ ಮನುಷ್ಯನನ್ನು ಅವಳು ಪ್ರೀತಿಸುತ್ತಿದ್ದಳು. ಹುಚ್ಚು ಅನ್ನಿ, ಏನಾದರೂ ಅನ್ನಿ.

ಈಗ ಕೆಂಪು ಶಾಯಿ ಬೇರೆಯೇ ಹೇಳುತ್ತಿತ್ತು.

"ಅಂದ್ರೆ... ಹಿಂದಿನ ಹಾಳೇಲಿ ಬರೆಯೋರು... ಅವರು ಇಲ್ವಾ?"

ರುದ್ರೇಶ ಅವಳ ಕಣ್ಣು ತುಂಬಿಬಂದದ್ದನ್ನು ನೋಡಿದ.

"ಅವರನ್ನ ಒಂದ್ಸಲ ನೋಡ್ಬೇಕು ಅಂತ ಆರು ತಿಂಗಳಿಂದ ಕಾಯ್ತಿದ್ದೆ ಕಣ್ರೀ," ಎಂದಳು ಸುಮನಾ. "ಅವರು ಬರ್ದಿದ್ದು ಓದಿದ್ರೆ ನಮ್ಮೋರು ಯಾರೋ ಪಕ್ಕದಲ್ಲಿ ಕೂತಂಗೆ ಇರೋದು."

ಅವನು ಕೈಯಲ್ಲಿದ್ದ ಕಾರ್ಡಿನ ನಂಬರನ್ನೇ ನೋಡಿದ.

"ಬರೀತಿದ್ದದ್ದೆಲ್ಲ ಅವನೇ," ಎಂದ ಕೊನೆಗೆ. "ನಾನು ಸುಮ್ನೆ ಓದೋನು."

ಸುಮನಾಳ ದುಃಖ ಯಾರ ಮೇಲಾದರೂ ಕೋಪವಾಗಿ ಬೀಳಲೇಬೇಕಿತ್ತು. ಎದುರಿಗಿದ್ದವನು ಇವನೊಬ್ಬನೇ.

"ಸತ್ತೋರ ಹೆಸರಲ್ಲಿ ಪುಸ್ತಕ ತಗೊಂಡು ಹೋಗೋದು ಸರಿಯೇನ್ರೀ? ನಿಮ್ದು ಅಂತ ಒಂದು ಕಾರ್ಡ್ ಮಾಡಿಸ್ಕೊಳ್ಳೋಕೆ ಆಗಲ್ವಾ?"

ಅವನು ಕಾರ್ಡಿನ ಮಡಿಚಿದ ಮೂಲೆಯನ್ನು ಹೆಬ್ಬೆರಳಿನಿಂದ ನೇರ ಮಾಡಿ ಮೇಜಿನ ಮೇಲಿಟ್ಟ. "ತಪ್ಪಾಯ್ತು," ಎಂದು ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಸುಮನಾ ಊಟ ಬಿಟ್ಟಳು. 'ಇನ್ನು ಯಾರು ಹೇಳ್ತಾರೆ ನನಗೆ, ಇದನ್ನ ಓದು, ಇದು ಬೇಡ ಅಂತ?' ಕಾಣದವನಿಗಾಗಿ ಅಳುವುದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅಂತೂ ಒಂದು ತೀರ್ಮಾನಕ್ಕೆ ಬಂದಳು. ೧೧೭ ಬರೆದ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು. ಕೈಯಲ್ಲಿ ಅಷ್ಟಾದರೂ ಉಳಿಯಲಿ.

ಮೂರನೇ ವಾರ, ಒಂದು ಮಧ್ಯಾಹ್ನ, ಕಪಾಟಿನಿಂದ ಪುಸ್ತಕಗಳನ್ನು ಇಳಿಸಿಕೊಂಡು ಕೂತಳು. ಹೊಸ ಪುಸ್ತಕ ಬಂದ ದಿನವೇ ಮೊದಲ ಪುಟಕ್ಕೆ ತಾರೀಖಿನ ಮೊಹರು ಒತ್ತುವುದು ಗ್ರಂಥಾಲಯದ ನಿಯಮ. ಅಭ್ಯಾಸಬಲದಿಂದ ಅವಳು ಪುಸ್ತಕದ ಹೆಸರಿನ ಪಕ್ಕ ಆ ತಾರೀಖನ್ನೂ ಬರೆಯುತ್ತ ಹೋದಳು. ೧೯೯೬, ೧೯೯೭, ೧೯೯೮...

'ಕದ ತಟ್ಟಿದವರು' ಕೈಗೆ ಬಂತು. ಮೊಹರಿನಲ್ಲಿ ೧೭ ಆಗಸ್ಟ್ ೨೦೦೧ ಎಂದಿತ್ತು.

ಸುಮನಾಳ ಪೆನ್ನು ನಿಂತಿತು. ರಿಜಿಸ್ಟರಿನ ಕೆಂಪು ಶಾಯಿಯಲ್ಲಿದ್ದದ್ದು ೧೯೯೯.

ಈ ಪುಸ್ತಕ ಊರಿಗೆ ಬರುವುದಕ್ಕೆ ಎರಡು ವರ್ಷ ಮೊದಲೇ ಶ್ರೀನಾಥ್ ಹೋಗಿದ್ದ. ಹೋದವರು ಬಂದು ಬರೆಯುವುದಿಲ್ಲ. ದೆವ್ವದ ಕತೆಗಳನ್ನು ಎಷ್ಟೇ ಓದಿದ್ದರೂ ಅವಳಿಗೆ ಅಷ್ಟು ಗೊತ್ತಿತ್ತು.

'ಬಾಗಿಲು ಹಾಕಬೇಡಿ ಅಂತ ಹೋದವರು ಯಾಕೆ ಹೇಳ್ತಾರೆ? ಅದು ಉಳಿದವರ ಮಾತು... ನನಗೆ ಮೊದಲೇ ಹೊಳೀಬೇಕಿತ್ತು.'

ಅವಳು ಪುಸ್ತಕ ಹಿಡಿದು ನಂಜುಂಡಯ್ಯನವರ ಮುಂದೆ ನಿಂತಳು. "ಸಾರ್, ಇದು ಯಾರು ಬರ್ದಿದ್ದು ಅಂತ ನಿಮಗೆ ಗೊತ್ತಿತ್ತಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿತ್ತು ಕಣಮ್ಮ. ಅಣ್ಣ ತಮ್ಮ ಇಬ್ರೂ ಒಂದೇ ಕಾರ್ಡಲ್ಲಿ ಓದ್ತಿದ್ರು. ಇಬ್ರ ಅಕ್ಷರಾನೂ ಒಂದೇ ಥರ. ನಗಿಸೋ ಮಾತೆಲ್ಲ ಅಣ್ಣಂದು. ಅವನು ಹೋದ್ಮೇಲೆ ಬರ್ದಿದ್ದೆಲ್ಲ ರುದ್ರೇಶಂದು. ಕೆಂಪು ಶಾಯೀಲಿ ಬರ್ದೋನು ನಾನೇ. ಕಾರ್ಡ್ ವಾಪಸ್ ಕೊಡಪ್ಪ ಅಂತ ಆ ಹುಡುಗನ್ನ ಕೇಳೋಕೆ ಬಾಯಿ ಬರ್ಲಿಲ್ಲ. ಸುಮ್ನಿದ್ದುಬುಟ್ಟೆ."

"ನಾನು ಕೇಳ್ಬುಟ್ಟೆ ಸಾರ್. ಎಲ್ಲರ ಮುಂದೆ."

"ಹೊಂಗಡಹಳ್ಳದ ಹತ್ರ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗವ್ನೆ. ಭಾನುವಾರ ಊರಿಗೆ ಬರ್ತಿದ್ದ. ಈಗ ಅದನ್ನೂ ಬುಟ್ಟವ್ನಂತೆ, ಅವರಮ್ಮ ಅಂತಿದ್ರು."

ಸೋಮವಾರ ಗ್ರಂಥಾಲಯಕ್ಕೆ ರಜೆ. ಸುಮನಾ ಬೆಳಿಗ್ಗೆಯೇ ಹೊರಟು, ಸಕಲೇಶಪುರದಲ್ಲಿ ಬಸ್ಸು ಬದಲಿಸಿ, ಎಸ್ಟೇಟಿನ ಗೇಟಿನ ಮುಂದೆ ಇಳಿದಳು. ಕಾಫಿ ಕೊಯ್ಲಿನ ದಿನಗಳು. ಕಣದ ತುಂಬ ಹಣ್ಣು ಹರಡಿತ್ತು, ಹೆಂಗಸರು ಅದನ್ನು ಕೆದಕುತ್ತಿದ್ದರು. ಅವರಲ್ಲಿ ಹಿರಿಯಳಾದ ಹುಲಿಯಮ್ಮ ಇವಳನ್ನು ಒಮ್ಮೆ ನೋಡಿ, ಸ್ಟೋರಿನ ಕಡೆ ತಿರುಗಿ ಕೂಗಿದಳು.

"ರೈಟ್ರೇ, ನಿಮ್ಮನ್ನ ಹುಡುಕ್ಕೊಂಡು ಯಾರೋ ಬಂದವ್ರೆ."

ರುದ್ರೇಶ ಹೊರಗೆ ಬಂದವನು ಹಾಗೆಯೇ ನಿಂತ.

"ಕಾರ್ಡ್ ಕೊಟ್ಟುಬುಟ್ನಲ್ಲ. ಇನ್ನೇನು ಬಾಕಿ ಐತೆ?"

ಸುಮನಾ ಚೀಲದಿಂದ ಪುಸ್ತಕ ತೆಗೆದು ಮೊದಲ ಪುಟ ತೋರಿಸಿದಳು. ಆಮೇಲೆ ಹಿಂದಿನ ಹಾಳೆ.

"ಈ ಪುಸ್ತಕ ಬಂದಾಗ ನಿಮ್ಮಣ್ಣ ಇರ್ಲಿಲ್ಲ. ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ?"

ಅವನು ಕಣದ ಅಂಚಿನ ಕಟ್ಟೆಯ ಮೇಲೆ ಕೂತ. ಅವಳೂ ಸ್ವಲ್ಪ ದೂರದಲ್ಲಿ ಕೂತಳು.

"ಚಿಕ್ಕೋನಿದ್ದಾಗ ಅಣ್ಣ ದೆವ್ವದ ಕತೆ ಓದಿ ಹೆದ್ರಿಸೋನು. ಹೆದ್ರಿಕೊಂಡು ಅವನ ಕಂಬಳಿಯೊಳಗೇ ಸೇರ್ಕೊಳ್ಳೋನು ನಾನು. ಅವನು ಜ್ವರ ಬಂದು ಹೋಗ್ಬುಟ್ಟ ಮೇಲೆ... ದೆವ್ವ ಅನ್ನೋದು ನಿಜವಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು. ಒಂದ್ಸಲ ಬಂದು ಹೆದ್ರಿಸ್ಲಿ ಅಂತ ಬಾಗ್ಲು ಹಾಕ್ದೆ ಮಲಗ್ತಿದ್ದೆ. ಬರ್ಲಿಲ್ಲ ಕಣ್ರೀ." ಅವನು ಕಣದ ಕಡೆ ಮುಖ ತಿರುಗಿಸಿದ. "ಅವನ ನಂಬರ್ ಹಾಕಿ ನಾಲ್ಕು ಮಾತು ಬರೆದ್ರೆ, ಅವನಿನ್ನೂ ಎಲ್ಲೋ ಕೂತು ಓದ್ತಾವ್ನೆ ಅನ್ಸೋದು. ಅಷ್ಟೇ."

"ನಾನು ಅಳ್ತಿದ್ದಾಗಾದ್ರೂ ಹೇಳ್ಬಹುದಿತ್ತಲ್ಲ?"

"ನೀವು ಕಣ್ಣೀರು ಹಾಕಿದ್ದು ಅವನಿಗೆ ಅನ್ಕೊಂಡೆ. ಅವನ ಕಾರ್ಡ್ ಇಟ್ಕೊಂಡಿದ್ದೇ ಹೆಚ್ಚು. ಅವನಿಗೆ ಅಂತ ಬಂದ ಪ್ರೀತಿನೂ ನಾನೇ ಇಸ್ಕೊಳ್ಳೋದಾ?"

ಸುಮನಾಗೆ ಆ ಕ್ಷಣ ಅವನ ಕೈ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಪುಸ್ತಕದ ಆ ಸಾಲಿನ ಮೇಲೆ ತನ್ನ ಕೈ ಇಟ್ಟಳು.

"ನಿಮ್ಮಣ್ಣ ನನ್ನ ನಗಿಸಿದ್ರು. ಅದನ್ನ ಮರೆಯಲ್ಲ. ಆದ್ರೆ ನಾನು ಅತ್ತಿದ್ದು ಇದಕ್ಕೆ. ನಮ್ಮಮ್ಮ ಹೋದ್ಮೇಲೆ ನಾನೂ ಬಾಗಿಲು ನೋಡ್ತಾ ಕೂತಿದ್ದೋಳೇ. ನಾನು ಇಷ್ಟಪಟ್ಟಿದ್ದು ಈ ಸಾಲು ಬರ್ದೋರನ್ನ. ಅವರು ನನ್ನ ಮುಂದೇನೇ ಕೂತಿದ್ದಾರೆ."

ರುದ್ರೇಶ ತಲೆ ತಗ್ಗಿಸಿದ. ನಾಲ್ಕು ವರ್ಷದಿಂದ ತಡೆದಿಟ್ಟದ್ದು ಅವನ ಕಣ್ಣಿನಿಂದ ಹರಿಯಿತು. ಹುಲಿಯಮ್ಮ ಕಂಡೂ ಕಾಣದವಳಂತೆ ಬೆನ್ನು ತಿರುಗಿಸಿ ಹಣ್ಣು ಕೆದಕಿದಳು.

ಸುಮನಾ ಚೀಲದಿಂದ ಒಂದು ಹೊಸ ಕಾರ್ಡು ತೆಗೆದಳು. ೨೬೪ ಎಂಬ ನಂಬರಿನ ಕೆಳಗೆ, ರುದ್ರೇಶ ಎಂದು ಅವಳೇ ದುಂಡಗೆ ಬರೆದಿದ್ದಳು.

"ಇಲ್ಲಿ ಸೈನ್ ಮಾಡಿ."

"ಅಣ್ಣಂದು?"

"ಆ ನಂಬರ್ ಇನ್ನು ಯಾರಿಗೂ ಕೊಡಲ್ಲ ಅಂದ್ರು ಸಾರ್. ಅದು ಅವರದ್ದೇ."

ಅವನು ಜೇಬಿನ ಪೆನ್ನು ತೆಗೆದು ಸೈನ್ ಮಾಡಿದ. ಅಕ್ಷರ ಸೊಟ್ಟಗಾಯಿತು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

"ಮೂರು ವಾರದಿಂದ ಏನೂ ಓದಿಲ್ಲ ನಾನು," ಎಂದಳು ಸುಮನಾ. "ಮುಂದೆ ಯಾವ್ದು ಓದ್ಲಿ? ನೀವೇ ಹೇಳ್ಬೇಕು."

"ಒಂದೈತೆ. ಮೇಲಿನ ಕಪಾಟಲ್ಲಿ, ನೀಲಿ ರಟ್ಟಿಂದು. ಆದ್ರೆ ಒಬ್ರೇ ಓದೋದಲ್ಲ ಅದು."

"ಹಂಗಾದ್ರೆ ಭಾನುವಾರ ಬನ್ನಿ."

"ಕೊಯ್ಲು ನಡೀತೈತೆ. ನಾನು ಬರೋ ಹೊತ್ಗೆ ಐದು ಗಂಟೆ ದಾಟ್ತದೆ. ನೀವು ಬಾಗ್ಲು ಹಾಕ್ಕೊಂಡು ಹೋಗ್ಬುಟ್ಟಿರ್ತೀರಿ."

ಸುಮನಾ ಪುಸ್ತಕವನ್ನು ಚೀಲಕ್ಕೆ ಸೇರಿಸಿ ಎದ್ದು ನಿಂತಳು.

"ಹಾಕಬೇಡಿ ಅಂತ ನೀವೇ ಬರ್ದಿದ್ದೀರಲ್ಲ," ಎಂದಳು. "ಹಾಕಲ್ಲ. ಬನ್ನಿ."